ಕಂಪ್ರೆಸರ್ ಕೊಳ್ಳಲು ಹೋಗುವಾಗ ಗಡಿಯಾರ ಕಟ್ಟಿಕೊಂಡು ಹೋಗಿ

ಹೋದ ತಿಂಗಳು ಗೋಕಾಕದಿಂದ ತಂಗಿ ಮಗ ಫೋನ್ ಮಾಡಿದ್ದ. "ಮಾಮಾ, ಸ್ವಂತ ಕೆಲಸ ಹಿಡಿದೀನಿ. ಮೊಳೆ ಹೊಡೆಯುವ ಗನ್ನಿಗೆ ಹವಾ ಕೊಡುವ ಕಂಪ್ರೆಸರ್ ಬೇಕು. ಮೋಟಾರ್ ಒಂದು ಎಚ್‌ಪಿ ಸಾಕಾ, ಎರಡು ತಗೊಳ್ಳಲಾ?" ಅಂತ ಕೇಳಿದ. ಬೆಳಗಾವಿಯಲ್ಲಿ ಬಡಿಗತನ ಮಾಡುವ ನಾನೂ ಮೊದಲ ಸಲ ಅಂಗಡಿಗೆ ಹೋದಾಗ ಇದೇ ಪ್ರಶ್ನೆ ಕೇಳಿದ್ದೆ. 2 ಎಚ್‌ಪಿ, 50 ಲೀಟರ್ ಟ್ಯಾಂಕಿನದನ್ನು ಕೊಂಡು ತಂದೆ. ಟಿಳಕವಾಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇರಲಿಲ್ಲ. ಮೂರನೇ ಮಹಡಿಗೆ ಇಬ್ಬರು ಹೊತ್ತುಕೊಂಡು ಹತ್ತುವಾಗ ಅದು ಓರೆಯಾಗಿ, ಒಳಗಿನ ಎಣ್ಣೆ ಮೆಟ್ಟಿಲ ತುಂಬ ಚೆಲ್ಲಿತು. ಆ ದಿನ ಮಾಡಿದ ಕೆಲಸ ಏನು ಗೊತ್ತಾ? ಎರಡು ಬಾಗಿಲಿಗೆ ಬೀಡಿಂಗ್, ಅಂದರೆ ಅಂಚಿನ ತೆಳು ಪಟ್ಟಿ, ಹೊಡೆದದ್ದು ಅಷ್ಟೇ. ಅದಕ್ಕೆ ಅಷ್ಟು ದೊಡ್ಡ ಮಷಿನ್ ಬೇಕಾಗಿರಲೇ ಇಲ್ಲ.

ಅದಕ್ಕೇ ಅವನಿಗೆ, "ಎಚ್‌ಪಿ ಆಮೇಲೆ. ಮೊದಲು ಗನ್ ಯಾವುದು ಹೇಳು" ಅಂದೆ.

ಬೀಡಿಂಗ್, ಅಲಮಾರಿಯ ಹಿಂದಿನ ಪ್ಲೈ, ಡ್ರಾಯರ್ ಇವಕ್ಕೆಲ್ಲ ನಾವು ಬಳಸುವುದು ಎಫ್30 ಪಿನ್ ಗನ್. 18 ಗೇಜ್ ದಪ್ಪ, 30 ಮಿಲಿಮೀಟರ್ ಉದ್ದದ ಪಿನ್. ಸೋಫಾಕ್ಕೆ ಬಟ್ಟೆ ಹೊಡೆಯುವ ಸ್ಟೇಪಲ್ ಗನ್ನಿಗೂ ಹವಾ ಕಡಿಮೆಯೇ ಸಾಕು. ಪಿನ್ ಗನ್ ಒಂದು ಏಟಿಗೆ ಹೆಚ್ಚುಕಡಿಮೆ ಒಂದು ಲೀಟರ್ ಹವಾ ಎಳೆಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಕಾಂಕ್ರೀಟಿಗೆ ಹೊಡೆಯುವ ಟಿ ಮೊಳೆಯ ಗನ್ ಬೇರೆ ಜಾತಿಯದು. ಅದಕ್ಕೆ ಇದರ ಮೂರ್ನಾಲ್ಕು ಪಟ್ಟು ಹವಾ ಬೇಕು, ಒತ್ತಡವೂ ಜಾಸ್ತಿ. ದಿನಾ ಫಾಲ್ಸ್ ಸೀಲಿಂಗ್ ಪಟ್ಟಿ ಹೊಡೆಯುವವರು ದೊಡ್ಡದು ತಗೊಳ್ಳಲಿ. ಉಳಿದವರಿಗೆ 1 ಎಚ್‌ಪಿ, 24 ಅಥವಾ 25 ಲೀಟರ್ ಟ್ಯಾಂಕ್ ಧಾರಾಳ ಆಯ್ತು.

ಯಾಕೆ ಅಂತ ಹೇಳ್ತೀನಿ. ಹವಾದ ಒತ್ತಡ ಅಳೆಯುವುದು ಬಾರ್‌ನಲ್ಲಿ. ಇಂಥ ಮಷಿನ್ ಸಾಮಾನ್ಯವಾಗಿ 8 ಬಾರ್ ತುಂಬಿದಾಗ ನಿಲ್ಲುತ್ತದೆ, 6 ಬಾರ್‌ಗೆ ಇಳಿದಾಗ ಮತ್ತೆ ಶುರುವಾಗುತ್ತದೆ. ಒಂದು ಬಾರ್‌ಗೆ ಒಂದು ಟ್ಯಾಂಕಿನಷ್ಟು ಹವಾ ಅಂತ ಲೆಕ್ಕ, ಹಾಗಾಗಿ ನಡುವಿನ 2 ಬಾರ್‌ನಲ್ಲಿ 25 ಲೀಟರ್ ಟ್ಯಾಂಕ್ 50 ಲೀಟರ್ ಹವಾ ಕೊಡುತ್ತದೆ. ಅಂದರೆ ಸುಮಾರು 50 ಪಿನ್. ಪಿನ್ನಿನ ಒಂದು ಪಟ್ಟಿಯಲ್ಲಿ 100 ಇರುತ್ತವೆ, ಅಲ್ವಾ? ಒಂದು ಪಟ್ಟಿ ಮುಗಿಯುವುದರೊಳಗೆ ಮೋಟಾರ್ ಒಂದೆರಡು ಸಲ ಎದ್ದು ಕೂರುತ್ತದೆ. ಅದು ಆರೋಗ್ಯವಾದ ಲೆಕ್ಕ.

ಈಗ ಗಡಿಯಾರದ ಮಾತು. ಡಬ್ಬದ ಮೇಲೆ ಬರೆದ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಹವಾ ಅನ್ನುವ ಲೆಕ್ಕ, ಬಹಳ ಸಲ ಪಿಸ್ಟನ್ ಅಳತೆ ನೋಡಿ ಹಾಕಿದ್ದು. ನಿಜವಾಗಿ ಹೊರಗೆ ಬರುವ ಹವಾ ಅದಕ್ಕಿಂತ ಕಡಿಮೆ. ಆದ್ದರಿಂದ ಅಂಗಡಿಯಲ್ಲೇ ಓಡಿಸಿ ನೋಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಕೆಳಗಿನ ನೀರು ಬಿಡುವ ಕಾಕ್ ಮುಚ್ಚಿ, ಸ್ವಿಚ್ ಹಾಕಿ, ಮುಳ್ಳು 8 ಬಾರ್ ಮುಟ್ಟುವವರೆಗೆ ಸಮಯ ಹಿಡಿಯಿರಿ. ಮೀಟರ್ ಪಿಎಸ್‌ಐ ಅನ್ನುವ ಇನ್ನೊಂದು ಒತ್ತಡದ ಅಳತೆಯಲ್ಲಿದ್ದರೆ 116. ಆಮೇಲೆ ಟ್ಯಾಂಕಿನ ಲೀಟರನ್ನು 8ರಿಂದ ಗುಣಿಸಿ, ನಿಮಿಷದಿಂದ ಭಾಗಿಸಿ. 25 ಲೀಟರ್ ಟ್ಯಾಂಕ್ 3 ನಿಮಿಷ 20 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 60 ಲೀಟರ್, ಅಂದರೆ 2 ಸಿಎಫ್‌ಎಂಗಿಂತ ಸ್ವಲ್ಪ ಜಾಸ್ತಿ. ಇಬ್ಬರು ಎರಡು ಪಿನ್ ಗನ್ ಹಿಡಿದು ಹೊಡೆದರೂ ಕೊರತೆ ಬೀಳುವುದಿಲ್ಲ. 5 ನಿಮಿಷ ದಾಟಿದರೆ ನಾನು ತಗೊಳ್ಳುವುದಿಲ್ಲ. ತುಂಬಿದ ಮೇಲೆ ಹತ್ತು ನಿಮಿಷ ಹಾಗೇ ಬಿಟ್ಟು ಮುಳ್ಳು ನೋಡಿ. ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಬಂದು ಜಾಗ ತೋರಿಸುತ್ತದೆ.

ಎಣ್ಣೆ ಇರೋದಾ, ಇಲ್ಲದ್ದಾ? ಎಣ್ಣೆಯದು ಬಾಳಿಕೆ ಬರುತ್ತದೆ, ಆದರೆ ಓರೆ ಮಾಡುವಂತಿಲ್ಲ. ಹವಾದ ಜೊತೆ ಎಣ್ಣೆಯ ಸಣ್ಣ ಹನಿಯೂ ಬರುತ್ತದೆ. ವಿನಿಯರ್, ಅಂದರೆ ಪ್ಲೈ ಮೇಲೆ ಅಂಟಿಸುವ ತೆಳು ಮರದ ಹಾಳೆ, ಅದರ ಮೇಲೆ ಒಂದು ಹನಿ ಬಿದ್ದರೂ ಪಾಲಿಶ್ ಮಾಡುವಾಗ ಕಲೆ ಎದ್ದು ಕಾಣುತ್ತದೆ. ಸದ್ದನ್ನೂ ನೋಡಬೇಕು. ನಮ್ಮ ವಡಗಾವಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು, ಕಂಪ್ರೆಸರ್ ಯಾರಿಗೂ ಕೇಳಿಸುವುದಿಲ್ಲ. ಜನ ವಾಸವಿರುವ ಮನೆಯಲ್ಲಿ ಹಾಗಲ್ಲ. ಒಳಗೆ ಮಗು ಮಲಗಿರುತ್ತೆ, ವಯಸ್ಸಾದವರು ಇರುತ್ತಾರೆ. ಮನೆ ಮನೆಗೆ ಹೋಗಿ ಕೆಲಸ ಮಾಡುವವರಿಗೆ ಎಣ್ಣೆ ಇಲ್ಲದ, ಸದ್ದು ಕಡಿಮೆ ಇರುವ ಮಷಿನ್ನೇ ಸರಿ.

ಕರೆಂಟಿನ ವಿಷಯ ಸ್ವಲ್ಪ ಗಮನ ಇಟ್ಟು ಓದಿ. ಒಮ್ಮೆ ಹಿಂದವಾಡಿಯಲ್ಲಿ ಕೆಲಸ ನಡೆದಾಗ ಮಧ್ಯಾಹ್ನ ಕರೆಂಟ್ ಹೋಯ್ತು. ಮಷಿನ್ ಹಾಗೇ ಬಿಟ್ಟು ಊಟಕ್ಕೆ ಕೂತೆವು. ಕರೆಂಟ್ ಬಂದಾಗ ಮೋಟಾರ್ ತಿರುಗಲಿಲ್ಲ, ಬರೀ ಗುಂಯ್ ಅಂತು. ಓಡಿ ಹೋಗುವಷ್ಟರಲ್ಲಿ ಸುಟ್ಟ ವಾಸನೆ. ಮೋಟಾರ್ ಏಳಲು ಬೇಕಾದ ಕೆಪಾಸಿಟರ್ ಹೋಗಿತ್ತು. ಕಾರಣ ಇಷ್ಟೇ: ಟ್ಯಾಂಕ್ ತುಂಬಿ ತಾನಾಗಿ ನಿಂತಾಗ ಪುಸ್ ಅಂತ ಒಂದು ಸದ್ದು ಬರುತ್ತದಲ್ಲ, ಅದು ಪಿಸ್ಟನ್ ಮೇಲಿನ ಹವಾ ಹೊರಗೆ ಬಿಟ್ಟ ಸದ್ದು. ಕರೆಂಟ್ ಹೋಗಿ ನಿಂತಾಗ ಆ ಪುಸ್ ಆಗುವುದಿಲ್ಲ. ಹವಾ ಅಲ್ಲೇ ಸಿಕ್ಕಿಕೊಂಡಿರುತ್ತದೆ, ಅದನ್ನು ತಳ್ಳಿ ಮೋಟಾರ್ ಏಳಬೇಕಾಗುತ್ತದೆ. ಅದಕ್ಕೆ ಕರೆಂಟ್ ಹೋದ ಕೂಡಲೇ ಪ್ರೆಶರ್ ಸ್ವಿಚ್ಚಿನ ಗುಂಡಿಯನ್ನು ಕೈಯಿಂದ ಆಫ್ ಮಾಡಿ. ಪುಸ್ ಅಂದರೆ ನಿಶ್ಚಿಂತೆ. ಅಂಗಡಿಯಲ್ಲಿ ಈ ಗುಂಡಿ ಸುಲಭವಾಗಿ ಕೈಗೆ ಸಿಗುತ್ತದಾ ಅಂತಲೂ ನೋಡಿ.

ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡಿಗೂ ಇದನ್ನು ಹಾಕಬೇಡಿ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಬೇಕು. ಅದಕ್ಕಿಂತ ಒಳ್ಳೆಯದು, ಮಷಿನನ್ನು ಪ್ಲಗ್ಗಿನ ಹತ್ತಿರವೇ ಇಟ್ಟು 15 ಮೀಟರ್ ಹವಾ ಪೈಪ್ ಎಳೆದುಕೊಳ್ಳುವುದು.

ಇನ್ನು ನೀರು. ಹವಾದಲ್ಲಿರುವ ತೇವ ಟ್ಯಾಂಕಿನಲ್ಲಿ ನೀರಾಗಿ ನಿಲ್ಲುತ್ತದೆ. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಜುಲೈನಲ್ಲಿ ಸಂಜೆ ಕಾಕ್ ಬಿಚ್ಚಿದರೆ ಮೊದಲು ಬಿಳಿ ಮಂಜು, ಆಮೇಲೆ ಚಹಾ ಬಣ್ಣದ ನೀರು ಕೆಳಗಿಟ್ಟ ಪಾತ್ರೆಗೆ ಬೀಳುತ್ತದೆ. ಆ ಬಣ್ಣ ಟ್ಯಾಂಕಿನ ಒಳಗಿನ ತುಕ್ಕಿನದು. ದಿನಾ ಬಿಡದಿದ್ದರೆ ಟ್ಯಾಂಕ್ ಒಳಗಿಂದ ತೆಳ್ಳಗಾಗುತ್ತಾ ಹೋಗುತ್ತದೆ. ಕೊಳ್ಳುವಾಗ ಬಗ್ಗಿ ನೋಡಿ. ಕಾಕ್ ಟ್ಯಾಂಕಿನ ತೀರಾ ತಳದಲ್ಲಿರಬೇಕು, ಪಾನಾ ಇಲ್ಲದೆ ಕೈಯಲ್ಲೇ ತಿರುಗಬೇಕು. ತ್ರಾಸು ಕೊಡುವ ಕಾಕನ್ನು ಯಾವ ಹುಡುಗನೂ ದಿನಾ ಬಿಚ್ಚುವುದಿಲ್ಲ.

ತಂಗಿ ಮಗ ಮೊನ್ನೆ ಅಂಗಡಿಯಿಂದಲೇ ಫೋನ್ ಮಾಡಿದ. ಹಿಂದೆ ಮೋಟಾರ್ ಓಡುವ ಸದ್ದು ಕೇಳಿಸುತ್ತಿತ್ತು. "ಮಾಮಾ, 24 ಲೀಟರ್ ಟ್ಯಾಂಕು. 3 ನಿಮಿಷ 50 ಸೆಕೆಂಡ್ ಆಯ್ತು." ಲೆಕ್ಕ ಹಾಕಿದೆ. ನಿಮಿಷಕ್ಕೆ 50 ಲೀಟರ್. "ಕಾಕ್ ಕೈಯಲ್ಲಿ ತಿರುಗುತ್ತಾ?" ಅಂದೆ. "ತಿರುಗುತ್ತೆ" ಅಂದ. "ಹಂಗಾದ್ರೆ ತಗೋ" ಅಂದೆ.