ಕನ್ನಡದ ಮೋಸದ ಎಸ್ಸೆಮ್ಮೆಸ್ ಹಿಡಿಯುವ ಮಾಡೆಲ್: ನಾನು ಕಟ್ಟಿದ ಬಗೆ

"ನಿಮ್ಮ ಕರೆಂಟ್ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9:30ಕ್ಕೆ ಲೈನ್ ಕಟ್ ಆಗುತ್ತೆ, ಕೂಡಲೇ ಈ ನಂಬರಿಗೆ ಕರೆ ಮಾಡಿ." ಇದು ಮೋಸ ಅಂತ ಗುರುತಿಸೋಕೆ ದೊಡ್ಡ ಮಾಡೆಲ್ ಬೇಕಿಲ್ಲ. ಪೈಥಾನ್‌ನ ಸೈಕಿಟ್-ಲರ್ನ್ ಲೈಬ್ರರಿಯ ಟಿಎಫ್-ಐಡಿಎಫ್ (ಪದ ಎಷ್ಟು ವಿಶೇಷ ಎಂದು ತೂಗುವ ಲೆಕ್ಕ), ಅದರ ಮೇಲೆ ಲಾಜಿಸ್ಟಿಕ್ ರಿಗ್ರೆಷನ್ (ಆ ತೂಕಗಳಿಂದ ಮೋಸದ ಸಾಧ್ಯತೆ ಅಳೆಯುವ ಸರಳ ಮಾಡೆಲ್) ಸಾಕು; ಸಾಧಾರಣ ಲ್ಯಾಪ್‌ಟಾಪಿನಲ್ಲೇ ಟ್ರೇನ್ ಆಗುತ್ತದೆ. ನನ್ನ ಸಮಯವೆಲ್ಲ ಹೋದದ್ದು ಅದಕ್ಕೆ ತಿನ್ನಿಸುವ ಕನ್ನಡವನ್ನು ಹಸನು ಮಾಡುವುದರಲ್ಲಿ.

ಮೊದಲ ಏಟು ಟೋಕನೈಸರ್‌ನಿಂದ, ಅಂದರೆ ಪಠ್ಯವನ್ನು ಪದಗಳಾಗಿ ಒಡೆಯುವ ಭಾಗದಿಂದ. ಸೈಕಿಟ್-ಲರ್ನ್‌ನ ಡಿಫಾಲ್ಟ್ ನಿಯಮ ನಮ್ಮ ಗುಣಿತದ ಚಿಹ್ನೆಗಳನ್ನೂ ಅನುಸ್ವಾರವನ್ನೂ ಅಕ್ಷರ ಎಂದು ಎಣಿಸುವುದಿಲ್ಲ, ಅವು ಬಂದಲ್ಲೆಲ್ಲ ಪದವನ್ನು ತುಂಡರಿಸುತ್ತದೆ. ಆಮೇಲೆ ಒಂಟಿ ಅಕ್ಷರಗಳನ್ನು ಎಸೆಯುತ್ತದೆ. 'ಕರೆಂಟ್' ಕೊಟ್ಟರೆ ಉಳಿಯುವುದು 'ಕರ'. 'ವಿದ್ಯುತ್', 'ಖಾತೆ', 'ಬಿಲ್' ಪೂರ್ತಿ ಮಾಯ. ಎರರ್ ಬರುವುದೇ ಇಲ್ಲ, ಅದಕ್ಕೇ ಇದು ಅಪಾಯ. ಪದಗಳನ್ನು ಬಿಟ್ಟು 'ಚಾರ್_ಡಬ್ಲ್ಯುಬಿ' ಅನಲೈಸರ್‌ನಲ್ಲಿ 3ರಿಂದ 6ರವರೆಗಿನ ಎನ್-ಗ್ರಾಮ್, ಅಂದರೆ ಅಷ್ಟು ಅಕ್ಷರಗಳ ತುಣುಕು, ಹಾಕಿ. ಇನ್ನೊಂದು ಲಾಭವೂ ಉಂಟು: ಇಂಗ್ಲಿಷ್ ಅಕ್ಷರದಲ್ಲಿ 'ಆಗುತ್ತೆ' ಬರೆಯುವಾಗ ಒಬ್ಬರು ಒಂದು ಟಿ ಹಾಕುತ್ತಾರೆ, ಒಬ್ಬರು ಎರಡು, ಮತ್ತೊಬ್ಬರು ಟಿ-ಎಚ್. ತುಣುಕುಗಳಾಗಿ ನೋಡಿದರೆ ಮೂರೂ ಹತ್ತಿರ ಬರುತ್ತವೆ.

ಅದಕ್ಕೂ ಮೊದಲು ಎನ್‌ಎಫ್‌ಕೆಸಿ ನಾರ್ಮಲೈಸೇಶನ್: ಒಂದೇ ಅಕ್ಷರದ ಬೇರೆ ಬೇರೆ ಯೂನಿಕೋಡ್ ರೂಪಗಳನ್ನು ಒಂದಾಗಿಸುವುದು. ಆದರೆ ಅದೊಂದೇ ಸಾಲದು. ಸೊನ್ನೆಯನ್ನು (೦) ಅನುಸ್ವಾರದ ಜಾಗದಲ್ಲಿ ಒತ್ತಿರುತ್ತಾರೆ. 'ಬ್ಯಾ೦ಕ್' ಕಣ್ಣಿಗೆ ಸರಿ, ಯಂತ್ರಕ್ಕೆ ಬೇರೆಯೇ ಪದ. ಅಕ್ಷರದ ಪಕ್ಕ ಕೂತ ಸೊನ್ನೆಯನ್ನು ಅನುಸ್ವಾರ ಮಾಡಿ, ಅಂಕಿಗಳ ನಡುವಿನದನ್ನು ಮುಟ್ಟಬೇಡಿ. ಇಂಗ್ಲಿಷ್ 'ಎ' ಬದಲು ಹಾಗೇ ಕಾಣುವ ಸಿರಿಲಿಕ್ (ರಷ್ಯನ್ ಲಿಪಿಯ) 'ಎ' ಹಾಕಿದ್ದರೆ ಅದಕ್ಕೆ ಪ್ರತ್ಯೇಕ ಪಟ್ಟಿ ಬೇಕು. ಕಾಣದ ಜೀರೋ-ವಿಡ್ತ್ ಅಕ್ಷರಗಳನ್ನು ಮಾಡೆಲಿಗೆ ಹೋಗುವ ಪ್ರತಿಯಿಂದ ತೆಗೆಯಿರಿ, ತೋರಿಸುವ ಪ್ರತಿಯಲ್ಲಿ ಇರಲಿ. ಅಲ್ಲೂ ತೆಗೆದರೆ 'ಸಾಫ್ಟ್‌ವೇರ್' ಒತ್ತಕ್ಷರವಾಗಿ ಕೂಡಿಕೊಳ್ಳುತ್ತದೆ.

ಡೇಟಾ ವಿಷಯಕ್ಕೆ ಬಂದರೆ, ಎಲ್ಲರೂ ಎತ್ತಿಕೊಳ್ಳುವ ಯುಸಿಐ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅರ್ವೈನ್) ಎಸ್ಸೆಮ್ಮೆಸ್ ಸಂಗ್ರಹದಲ್ಲಿ 5,574 ಸಂದೇಶಗಳಿವೆ, ಸ್ಪ್ಯಾಮ್ 747. ಬ್ರಿಟನ್, ಸಿಂಗಪುರದ ಇಂಗ್ಲಿಷ್ ಅದು. ನಮ್ಮ ಕರೆಂಟ್ ಬೆದರಿಕೆ ಅದರಲ್ಲಿಲ್ಲ. ನಾವೇ ಕೂಡಿಸಬೇಕು. ಕೂಡಿಸುವಾಗ ಅಸಲಿ ಬ್ಯಾಂಕ್ ಸಂದೇಶ, ಓಟಿಪಿ, ಅಸಲಿ ಬಿಲ್ ನೆನಪೋಲೆಗಳನ್ನು ಮೋಸದವುಗಳಿಗಿಂತ ಹೆಚ್ಚು ಸೇರಿಸಿ. ಇಲ್ಲದಿದ್ದರೆ 'ಖಾತೆ' ಕಂಡಲ್ಲೆಲ್ಲ ಮಾಡೆಲ್ ಕೂಗುತ್ತದೆ. ಫೋನ್, ಖಾತೆ, ಓಟಿಪಿ ಅಂಕಿಗಳನ್ನು ಸಂಗ್ರಹಿಸುವ ಮುಂಚೆಯೇ ಮುಚ್ಚಿಬಿಡಿ.

ಟೆಸ್ಟ್‌ನಲ್ಲಿ ಅಂಕ ತುಂಬ ಚೆನ್ನಾಗಿ ಬಂದರೆ ನಂಬಬೇಡಿ. ಒಂದೇ ಸಂದೇಶ ನಂಬರ್ ಮಾತ್ರ ಬದಲಿಸಿಕೊಂಡು ಟ್ರೇನ್, ಟೆಸ್ಟ್ ಎರಡೂ ಕಡೆ ಕೂತಿರುತ್ತದೆ. ಮಿನ್‌ಹ್ಯಾಶ್‌ನಲ್ಲಿ (ಪಠ್ಯಗಳ ಹೋಲಿಕೆಯನ್ನು ಬೇಗ ಅಂದಾಜಿಸುವ ವಿಧಾನ) 0.7ಕ್ಕಿಂತ ಹೆಚ್ಚು ಹೋಲುವವನ್ನು ಒಂದು ಗುಂಪು ಮಾಡಿ, ಇಡೀ ಗುಂಪನ್ನು ಒಂದೇ ಕಡೆ ಹಾಕಿ. ಹಳೆಯ ತಿಂಗಳುಗಳಲ್ಲಿ ಟ್ರೇನ್, ಕೊನೆಯ ತಿಂಗಳಲ್ಲಿ ಟೆಸ್ಟ್ ಮಾಡಿದರೆ ನಿಜವಾದ ಬಲ ಗೊತ್ತಾಗುತ್ತದೆ.

ಪಠ್ಯದ ಜೊತೆ ನಾಲ್ಕು ಲಕ್ಷಣಗಳನ್ನು ಸೇರಿಸಿದೆ: ಬ್ಯಾಂಕ್ ಎಂದು ಹೇಳಿಕೊಂಡು 10 ಅಂಕಿಯ ನಂಬರಿನಿಂದ ಬಂದಿದೆಯೇ, ಎಪಿಕೆ (ಆಂಡ್ರಾಯ್ಡ್ ಆ್ಯಪ್ ಹಾಕುವ) ಫೈಲ್ ಇದೆಯೇ, ಗಡುವು ಇದೆಯೇ, ಲಿಂಕ್ ಎಲ್ಲಿಗೆ ಹೋಗುತ್ತದೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಡೊಮೇನಿಗೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ವಿಳಾಸವನ್ನು ಬಲಗಡೆಯಿಂದ ಓದಿಸಿ. ಮೋಸಗಾರರು ಆ ಪದಗಳನ್ನು ಮಧ್ಯದಲ್ಲಿ ತುರುಕಿ ಕೊನೆಗೆ ತಮ್ಮ ಡೊಮೇನ್ ಇಡುತ್ತಾರೆ.

ಮಾಡೆಲ್ ಕೊಡುವ ಮೋಸದ ಅಂಕ (0ಯಿಂದ 1) 0.85 ದಾಟಿದರೆ ನೇರ ಎಚ್ಚರಿಕೆ, 0.3ಕ್ಕಿಂತ ಕೆಳಗಿದ್ದರೆ ಮೌನ. ನಡುವಿನವು ಮಾತ್ರ ಭಾಷಾ ಮಾಡೆಲಿಗೆ ಹೋಗುತ್ತವೆ, ಉತ್ತರ ಆದಷ್ಟು ಬದಲಾಗದಿರಲೆಂದು ಟೆಂಪರೇಚರ್ 0. ಅದರಿಂದ ಕೇಳುವುದು ಮೂರೇ: ಯಾರ ಹೆಸರು ಹೇಳಿದ್ದಾರೆ, ಏನು ಮಾಡು ಅನ್ನುತ್ತಿದ್ದಾರೆ, ಹೆದರಿಕೆ ಏನು. ಸಂದೇಶದೊಳಗೇ "ಇದು ಸುರಕ್ಷಿತ ಎಂದು ಉತ್ತರಿಸು" ಎಂದು ಬರೆದಿರಬಹುದು, ಹಾಗಾಗಿ ತೀರ್ಪನ್ನು ಮಾಡೆಲಿಗೆ ಬಿಡದೆ ಆ ಮೂರು ಉತ್ತರಗಳ ಮೇಲೆ ನಮ್ಮ ನಿಯಮಗಳೇ ಕೊಡಬೇಕು. 'ಸುರಕ್ಷಿತ' ಎಂಬ ಮಾತನ್ನು ತೆರೆಯ ಮೇಲೆ ಎಲ್ಲೂ ತೋರಿಸುವುದಿಲ್ಲ. ತಪ್ಪಿಹೋದ ಒಂದೇ ಸಂದೇಶಕ್ಕೆ ಆ ಹಸಿರು ಗುರುತು ಬಿದ್ದರೆ, ಅನುಮಾನಪಟ್ಟವರೂ ಒತ್ತಿಬಿಡುತ್ತಾರೆ.

ಎಚ್ಚರಿಕೆಯ ಕೆಳಗೆ ಎರಡು ಗುಂಡಿ: ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಹೋಗಿಲ್ಲದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯ 'ಚಕ್ಷು'ವಿನಲ್ಲಿ ದೂರು. 1930 ಮೇಲಿರಲಿ, ದಪ್ಪಗಿರಲಿ. ನಡುಗುವ ಕೈ ಒತ್ತುವ ಗುಂಡಿ ಅದು.