ಸ್ಟಾರ್ಮ್ ಕಾರಿನ ಎಂಜಿನ್ ಉಳಿಸಿಕೊಂಡದ್ದು

ಕಳೆದ ವರ್ಷ ಮಳೆ ಬಿಡುವ ಹೊತ್ತಿಗೆ ನನ್ನ ಸ್ಯಾನ್ ಸ್ಟಾರ್ಮ್ ಐನೂರು ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯಲು ಶುರು ಮಾಡಿತು. ಕುಂಬಳೆಯಿಂದ ಬದಿಯಡ್ಕಕ್ಕೆ ಬರುವಾಗ ಏರಿನಲ್ಲಿ ಜೋರಾಗಿ ಒತ್ತಿದರೆ ಹಿಂದೆ ನೀಲಿ ಹೊಗೆ. ಎರಡು ವರ್ಷದ ಹಿಂದೆ ಹೆದ್ದಾರಿ ಕೆಲಸದ ಬ್ಲಾಕಿನಲ್ಲಿ ಸಿಕ್ಕಿಹಾಕಿಕೊಂಡಾಗ ಫ್ಯಾನ್ ರಿಲೇ ಕೈಕೊಟ್ಟು ಎಂಜಿನ್ ಒಮ್ಮೆ ಕಾದಿತ್ತು. ಪೆಟ್ಟು ಅಲ್ಲೇ ಬಿದ್ದಿರಬೇಕು.

ಈ ಕಾರು ನೋಡದವರಿಗೆ ಹೇಳುತ್ತೇನೆ. ಸ್ಟಾರ್ಮ್ ಗೋವಾದಲ್ಲಿ ತಯಾರಾದ, ಇಬ್ಬರೇ ಕೂರುವ, ಮೇಲ್ಛಾವಣಿ ತೆಗೆಯಬಹುದಾದ ಸ್ಪೋರ್ಟ್ಸ್ ಕಾರು. 1998ರಲ್ಲಿ ಬಂತು. ಬಾಡಿ ಫೈಬರಿನದ್ದು, ಹಾಗಾಗಿ ನಮ್ಮ ಕಡಲ ಗಾಳಿಗೂ ಬಾಡಿ ತುಕ್ಕು ಹಿಡಿಯುವುದಿಲ್ಲ. ಎಂಜಿನ್ ರೆನೋ ಕಂಪನಿಯ 1149 ಸಿಸಿ, ಶಕ್ತಿ ಸುಮಾರು 60 ಬಿಎಚ್‌ಪಿ. ಅಷ್ಟೇ. ಆದರೆ ಹಗುರ ಗಾಡಿಯಾದ್ದರಿಂದ ಬೇಕಲದ ಕಡೆ ಸಂಜೆ ಹೊತ್ತು ಛಾವಣಿ ತೆಗೆದು ಹೊರಟರೆ ಅದರ ಸುಖವೇ ಬೇರೆ. ನನಗೆ ಈ ಕಾರೆಂದರೆ ಪ್ರಾಣ.

ತೋರಿಸಿದ ಕಡೆಯಲ್ಲೆಲ್ಲ ಒಂದೊಂದು ಮಾತು. ಒಬ್ಬರು, "ಅಣ್ಣಾ, ಇದನ್ನು ಬಿಚ್ಚಬೇಡಿ, ಮಾರುತಿಯದ್ದೊಂದು ಎಂಜಿನ್ ತಂದು ಕೂರಿಸುವ" ಎಂದರು. ಇನ್ನೊಬ್ಬರು ನಾಲ್ಕೂ ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು, ಅರ್ಧ ಮಿಲಿಮೀಟರ್ ದೊಡ್ಡದು ಮಾಡಿ, ಅಳತೆಗೆ ಹತ್ತಿರವಿರುವ ಬೇರೆ ಕಾರಿನ ಪಿಸ್ಟನ್ ಹಾಕುತ್ತೇನೆ ಎಂದರು. ಇಬ್ಬರೂ ಎಂಜಿನ್ನಿಗೆ ಒಂದು ಗೇಜ್ ಕೂಡ ಹಚ್ಚಿ ನೋಡಿರಲಿಲ್ಲ. ನಾನು ಅಡಿಕೆ ತೋಟದವನು. ತೋಟದ ಡೀಸೆಲ್ ಪಂಪಿನ ರಿಂಗ್, ಬೇರಿಂಗ್ ಎಲ್ಲ ನಾನೇ ಬದಲಾಯಿಸಿದವನು. ಅಳೆಯದೆ ಹೇಳಿದ ಮಾತಿಗೆ ದುಡ್ಡು ಹಾಕಲು ಮನಸ್ಸು ಬರಲಿಲ್ಲ.

ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ತೋರಿಸುವ ಕಂಪ್ರೆಷನ್ ಗೇಜ್ ತಂದೆ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ನ ಕನೆಕ್ಷನ್ ಬಿಡಿಸಿದೆ. ಮಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿದ. ಆಕ್ಸಿಲರೇಟರ್ ಒತ್ತದಿದ್ದರೆ ಗಾಳಿ ಒಳಗೆ ಹೋಗದೆ ಲೆಕ್ಕ ಕಡಿಮೆ ತೋರಿಸುತ್ತದೆ, ಇದು ನೆನಪಿರಲಿ. ಬಂದದ್ದು 165, 160, 105, 160 ಪಿಎಸ್‌ಐ. ಮೂರನೆಯದಕ್ಕೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ. 150ಕ್ಕೆ ಏರಿತು. ಆಯಿಲ್ ಬಿಟ್ಟಾಗ ಏರಿದರೆ ಸೋರುವುದು ಪಿಸ್ಟನ್ ಸುತ್ತ ಕೂರುವ ರಿಂಗ್ ಅಥವಾ ಬೋರ್ ಹತ್ತಿರ. ಏರದಿದ್ದರೆ ವಾಲ್ವ್, ಇಲ್ಲವೇ ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್‌ನ ಕೆಳಗಿನ ಗ್ಯಾಸ್ಕೆಟ್. ಅಂದರೆ ಮೂರು ಸಿಲಿಂಡರ್ ಚೆನ್ನಾಗಿವೆ, ಒಂದು ಸೋತಿದೆ. ಒಂದು ಹಲ್ಲು ಹಾಳಾದರೆ ದವಡೆ ಕೀಳಿಸುತ್ತಾರಾ?

ಆದರೂ ಬದಲಿ ಎಂಜಿನ್ನಿನ ಲೆಕ್ಕವನ್ನೂ ಸರಿಯಾಗಿಯೇ ಹಾಕಿದೆ. ಬೇರೆ ಕಂಪನಿಯ ಎಂಜಿನ್ ಅಂದರೆ ಮೌಂಟ್, ವೈರಿಂಗ್, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು, ಗೇರ್‌ಬಾಕ್ಸ್ ಎಲ್ಲವೂ ಹೊಸ ಕತೆ. ಮೇಲಾಗಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ವಿವರಕ್ಕೂ ಗಾಡಿಗೂ ತಾಳೆ ತಪ್ಪುವಂಥ ಮಾರ್ಪಾಡು ಮಾಡುವಂತಿಲ್ಲ. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೆ ರಿನೀವಲ್‌ಗೆ ಒಯ್ಯಬೇಕು. ಆಗ ಎಂಜಿನ್ ನಂಬರ್ ಆರ್‌ಸಿಗೆ ಹೊಂದದಿದ್ದರೆ ಗಾಡಿ ಮನೆಯಲ್ಲೇ. ಇದೇ ಎಂಜಿನ್ ಹಳೆಯ ಕ್ಲಿಯೋ, ಟ್ವಿಂಗೊ ಕಾರುಗಳಲ್ಲಿ ಇತ್ತು, ಯುರೋಪಿನಲ್ಲಿ ಹಳೆಯದು ಸಿಗುತ್ತದೆ. ತರಿಸುವ ಖರ್ಚು ಒಂದು ಕಡೆ ಇರಲಿ, ಅದರ ಒಳಗೆ ಏನಿದೆ ಎಂದು ಯಾರಿಗೆ ಗೊತ್ತು? ನನ್ನದರಲ್ಲಿ ಏನಿದೆ ಎಂದು ಅರ್ಧವಾದರೂ ಗೊತ್ತಾಗಿತ್ತು.

ಒಂದೇ ಷರತ್ತು ಹಾಕಿಕೊಂಡೆ. ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಮತ್ತು ಎಂಜಿನ್ನಿನ ಮೈಯಾದ ಬ್ಲಾಕ್ ಸರಿಯಿದ್ದರೆ ಇದನ್ನೇ ಕಟ್ಟುವುದು. ಬ್ಲಾಕ್ ಬಿರುಕು ಬಿಟ್ಟಿದ್ದರೆ ಹಟ ಬಿಡುವುದು.

ಹೆಡ್ ಎತ್ತಿದ ದಿನ ಮೂರನೆಯ ಬೋರಿಗೆ ಬೆರಳು ಹಾಕಿದೆ. ಮೇಲ್ತುದಿಯಲ್ಲಿ ಉಗುರು ತಡೆಯಿತು. ರಿಂಗ್ ಸವೆಸಿದ ಜಾಗದ ಮೇಲೆ, ಸವೆಯದ ಭಾಗ ಮೆಟ್ಟಿಲಿನಂತೆ ಉಳಿದಿತ್ತು. ಗೋಡೆಯಲ್ಲಿ ಉದ್ದಕ್ಕೆ ಎರಡು ಗೀರು. ಉಳಿದ ಮೂರರಲ್ಲಿ ಉಗುರು ಜಾರಿಕೊಂಡು ಹೋಯಿತು. ಮೂಲ ಅಳತೆ 69 ಮಿ.ಮೀ. ಬೋರ್ ಗೇಜ್ ಇಟ್ಟಾಗ ಮೂರನೆಯದು 0.12 ಸವೆದಿತ್ತು, ಬಾಕಿಯವು 0.03 ಒಳಗೆ.

ಆಮೇಲೆ ಕ್ರ್ಯಾಂಕ್. ನನಗೆ ನಿಜವಾಗಿ ಎದೆ ಹೊಡೆದುಕೊಂಡದ್ದು ಇಲ್ಲಿಯೇ. ಪ್ಲಾಸ್ಟಿಗೇಜ್ ಅಂತ ಮೇಣದ ದಾರದಂಥದ್ದು ಸಿಗುತ್ತದೆ. ಬೇರಿಂಗ್ ಒರೆಸಿ, ಆ ದಾರದ ತುಂಡು ಇಟ್ಟು, ಕ್ಯಾಪನ್ನು ಟಾರ್ಕ್ ರೆಂಚಿನಲ್ಲಿ ಬಿಗಿದು, ಮತ್ತೆ ಬಿಚ್ಚಿದೆ. ನಡುವೆ ಕ್ರ್ಯಾಂಕ್ ತಿರುಗಿಸಬಾರದು. ದಾರ ಅಪ್ಪಚ್ಚಿಯಾಗಿ ಎಷ್ಟು ಅಗಲವಾಗಿದೆ ಎಂದು ಪೊಟ್ಟಣದ ಮೇಲಿನ ಗೆರೆಗಳಿಗೆ ಹಿಡಿದು ನೋಡುವುದು. ರಾಡ್ ಕ್ರ್ಯಾಂಕನ್ನು ಹಿಡಿಯುವ ನಾಲ್ಕೂ ಬಿಗ್ ಎಂಡ್‌ನಲ್ಲಿ ಸಂದು 0.04 ಮಿ.ಮೀ. ಆಸುಪಾಸು. ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕಿನ ಜರ್ನಲ್‌ಗಳು ಕನ್ನಡಿಯ ಹಾಗಿದ್ದವು. ಮಂಗಳೂರಿನ ಲೇತ್‌ನವರಲ್ಲಿ ಬ್ಲಾಕ್ ಒತ್ತಡಕ್ಕಿಟ್ಟು ನೋಡಿಸಿದೆ, ಎಲ್ಲೂ ಬಿರುಕಿಲ್ಲ. ಅಲ್ಲಿಗೆ ಯೋಚನೆ ಮುಗಿಯಿತು.

ಬೇರೆ ಕಾರಿನ ಪಿಸ್ಟನ್ ನಾನು ಯಾಕೆ ಬೇಡ ಅಂದೆ? ವ್ಯಾಸ ಹೊಂದಿದರೆ ಸಾಲದು. ಪಿನ್ನಿನ ದಪ್ಪ, ಪಿನ್ನಿಂದ ತಲೆಯವರೆಗಿನ ಎತ್ತರ, ತೂಕ ಎಲ್ಲವೂ ಹೊಂದಬೇಕು. ಎತ್ತರ ಜಾಸ್ತಿಯಾದರೆ ಹೆಡ್‌ಗೆ ಬಡಿಯಬಹುದು, ಕಡಿಮೆಯಾದರೆ ಕಂಪ್ರೆಷನ್ ಇಳಿಯುತ್ತದೆ. ಅದಕ್ಕೇ ಮೂರನೆಯ ಬೋರಿಗೆ ಮಾತ್ರ ಸ್ಲೀವ್, ಅಂದರೆ ಒಳಗೆ ಹೊಸ ಕೊಳವೆ, ಹಾಕಿಸಿ, ಮತ್ತೆ 69ಕ್ಕೆ ತಂದು, ಮೂಲ ಅಳತೆಯ ಪಿಸ್ಟನ್ ಕೂರಿಸುವುದೆಂದು ತೀರ್ಮಾನಿಸಿದೆ. ಜರ್ಮನಿಯಲ್ಲಿರುವ ತಂಗಿಯ ಮಗ ರಜೆಗೆ ಬರುವಾಗ ಒಂದು ಪಿಸ್ಟನ್, ನಾಲ್ಕು ಸೆಟ್ ರಿಂಗ್, ಗ್ಯಾಸ್ಕೆಟ್ ಸೆಟ್, ಬೇರಿಂಗ್, ಟೈಮಿಂಗ್ ಬೆಲ್ಟ್ ತಂದುಕೊಟ್ಟ. ಅಲ್ಲಿಯವರೆಗೆ ಬ್ಲಾಕನ್ನು ಲೇತ್‌ಗೆ ಕೊಡಲಿಲ್ಲ. "ಪಿಸ್ಟನ್ ಆಮೇಲೆ ಬರಲಿ ಮಾರಾಯ್ರೇ, ಬೋರ್ ಮಾಡಿ ಇಡ್ತೇವೆ" ಎಂದು ಅವರು ಹೇಳಿದರು, ನಾನು ಒಪ್ಪಲಿಲ್ಲ. ಪಿಸ್ಟನ್ ಕೈಯಲ್ಲಿಟ್ಟುಕೊಂಡು ಅದರ ಅಳತೆಗೆ ಬೋರ್ ಮಾಡಬೇಕು.

ಹೊಸ ಪಿಸ್ಟನ್ನನ್ನು ಕಾಸರಗೋಡಿನಲ್ಲಿ ಪರಿಚಯದ ಚಿನ್ನದ ಕೆಲಸದವರ ತಕ್ಕಡಿಯಲ್ಲಿ ತೂಗಿಸಿದೆ. ಹಳೆಯದಕ್ಕಿಂತ 4 ಗ್ರಾಂ ಜಾಸ್ತಿ. ಒಳಗಡೆ ಪಿನ್ ಕೂರುವ ದಪ್ಪ ಭಾಗದ ಕೆಳಗೆ ಅರದಿಂದ ಉಜ್ಜುತ್ತಾ, ತೂಗುತ್ತಾ ಸಮ ಮಾಡಿದೆ. ಒಂದು ಮಧ್ಯಾಹ್ನ ಅದಕ್ಕೇ ಹೋಯಿತು. ಉಳಿದ ಮೂರು ಬೋರಿನ ಗೋಡೆ ಕಲ್ಲಿನಿಂದ ಉಜ್ಜುವ ಹೋನಿಂಗ್, ಹೆಡ್‌ನ ತಳ ಸಮ ಮಾಡುವ ಫೇಸಿಂಗ್, ವಾಲ್ವ್‌ಗೆ ಹೊಸ ಸೀಲ್. ಫ್ಯಾನ್ ರಿಲೇ ಮತ್ತು ರೇಡಿಯೇಟರ್ ಎರಡನ್ನೂ ಬದಲಾಯಿಸಿದೆ. ಮೂಲ ಕಾರಣ ಹಾಗೇ ಬಿಟ್ಟರೆ ಕಟ್ಟಿದ ಎಂಜಿನ್ ಮತ್ತೆ ಕಾಯುತ್ತದೆ ಅಲ್ವಾ?

ಎಲ್ಲ ಸೇರಿ ಒಂದು ಲಕ್ಷದ ಹತ್ತು ಸಾವಿರ, ನಾಲ್ಕು ತಿಂಗಳು. ಜೋಡಣೆ ಮನೆಯ ಶೆಡ್ಡಿನಲ್ಲೇ ಆದ್ದರಿಂದ ಕೂಲಿ ಉಳಿಯಿತು.

ಮೊದಲ ಸ್ಟಾರ್ಟಿಗೆ ಮುಂಚೆ ಪ್ಲಗ್ ಇಲ್ಲದೆ ಸ್ಟಾರ್ಟರ್ ತಿರುಗಿಸಿ, ಆಯಿಲ್ ಪ್ರೆಷರ್ ದೀಪ ಆರುವವರೆಗೆ ಕಾದೆ. ಹೊತ್ತಿಕೊಂಡ ಮೇಲೆ ನಿಲ್ಲಿಸಿಕೊಂಡು ಸುಮ್ನೆ ಓಡಿಸಲಿಲ್ಲ, ಕೂಡಲೇ ರಸ್ತೆಗಿಳಿಸಿದೆ. ಹೊಸ ರಿಂಗ್ ಕೂರಲು ಸ್ವಲ್ಪ ಭಾರ ಬೇಕು. ನೀರ್ಚಾಲು ಏರಿನಲ್ಲಿ ಒತ್ತುವುದು, ಇಳಿಜಾರಿನಲ್ಲಿ ಬಿಡುವುದು, ಒಂದೇ ವೇಗದಲ್ಲಿ ಓಡಿಸದಿರುವುದು. 500 ಕಿಲೋಮೀಟರಿಗೆ ಆಯಿಲ್ ಬದಲಾಯಿಸಿದೆ. ಸಾವಿರಕ್ಕೆ ಗೇಜ್ ಇಟ್ಟಾಗ 170, 165, 170, 165.

ಮೊನ್ನೆ 2,300 ಆಯಿತು. ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿದೆ. ಆಯಿಲ್ ಮೇಲಿನ ಗೆರೆಗಿಂತ ಒಂದು ಕೂದಲೆಳೆ ಕೆಳಗಿತ್ತು.