ಅಲರ್ಟ್ ಬರುತ್ತಿತ್ತು, ಫೋಟೋದಲ್ಲಿ ಯಾರೂ ಇರುತ್ತಿರಲಿಲ್ಲ

ನಮ್ಮ ಬಾಗಿಲ ಮುಂದಿನ ಕ್ಯಾಮೆರಾ ಬ್ಯಾಟರಿಯದ್ದು. ಯಾರಾದರೂ ಬಂದರೆ ಆ್ಯಪ್‌ನಲ್ಲಿ ಅಲರ್ಟ್ ಬರುತ್ತಿತ್ತು. ಫೋಟೋ ತೆರೆದರೆ ಖಾಲಿ ಅಂಗಳ, ಇಲ್ಲವೇ ಹೊರಟು ಹೋಗುವವರ ಬೆನ್ನು. ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರೇ ಇರುತ್ತಾರೆ, ಹಾಗಾಗಿ ತುಂಬಾ ಚಿಂತೆಯಾಗಿತ್ತು.

ಮೊದಲು ವೈಫೈ ಮೇಲೆ ಅನುಮಾನ. ರೌಟರನ್ನು ಕ್ಯಾಮೆರಾ ಹತ್ತಿರ ತಂದಿಟ್ಟೆ, ಆ್ಯಪ್ ತೆಗೆದು ಮತ್ತೆ ಹಾಕಿದೆ. ಸುಮ್ನೆ ಎರಡು ದಿನ ಹೋಯಿತು.

ನಿಜವಾದ ಕಾರಣ ಕ್ಯಾಮೆರಾ ಇಟ್ಟ ದಿಕ್ಕು. ಇಂಥ ಕ್ಯಾಮೆರಾ ಚಾರ್ಜ್ ಉಳಿಸಲು ನಿದ್ದೆಯಲ್ಲಿರುತ್ತದೆ. ಮೈಯ ಶಾಖ ಗುರುತಿಸುವ ಪಿಐಆರ್ ಸೆನ್ಸರ್ ಅದನ್ನು ಎಬ್ಬಿಸಬೇಕು. ಆ ಸೆನ್ಸರ್‌ಗೆ ಅಡ್ಡ ಹಾಯುವವರು ಬೇಗ ಗೊತ್ತಾಗುತ್ತಾರೆ. ನೇರವಾಗಿ ಎದುರಿಗೆ ನಡೆದು ಬರುವವರು ತಡವಾಗಿ. ನಮ್ಮದು ಗೇಟಿಗೆ ನೇರ ಮುಖ ಮಾಡಿತ್ತು!

ಪಕ್ಕದ ಗೋಡೆಗೆ ಬದಲಿಸಿದೆ. ದಾರಿ ಈಗ ಅಡ್ಡ ಬೀಳುತ್ತದೆ. ಸೆನ್ಸಿಟಿವಿಟಿ ಒಂದು ಹಂತ ಏರಿಸಿದೆ. ಚಾರ್ಜ್ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಪರವಾಗಿಲ್ಲ. ಮುಖ ಸ್ಪಷ್ಟವಾಗಿ ಕಾಣುವುದೇ ಮುಖ್ಯ ಅಲ್ವಾ?

ಇನ್ನೊಂದು: ನಾನೇ ತೆಗೆದ ಸ್ನ್ಯಾಪ್‌ಶಾಟ್ ಗ್ಯಾಲರಿಗೆ ಬರುತ್ತಿರಲಿಲ್ಲ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗೆ ಫೋಟೋ ಅನುಮತಿ ಕೊಟ್ಟೆ, ಬರತೊಡಗಿತು. ನಿನ್ನೆ ಸಂಜೆ ಅಮ್ಮ ಗೇಟು ತೆಗೆದಾಗ ಅವರ ಮುಖ ಪೂರ್ತಿ ಕಂಡಿತು.